ಓಡೋ ಹಿಡಿದ ಸ್ವರ

ನಮ್ಮ ಪ್ಯಾರಿಸಿನ ಇಗರ್ಜಿಯಲ್ಲಿ ಮುಖ್ಯ ಗಾಯಕ ಗೋತಿಯೆ ಮೇಲಿನ ದನಿಯಲ್ಲಿ ಸುತ್ತಿ ಸುತ್ತಿ ಹಾಡುವಷ್ಟು ಹೊತ್ತೂ ಜೊತೆಗಾರ ಕೆಳಗೆ ಒಂದೇ ಸ್ವರವನ್ನು ಎಳೆದು ಹಿಡಿಯಬೇಕು. ಆ ಜೊತೆಗಾರ, ಓಡೋ ಎಂಬ ಮುದುಕ, ಸ್ವರ ಹಿಡಿದೇ ತೂಕಡಿಸುತ್ತಿದ್ದ. ಅದನ್ನು ಬದಲಿಸಬೇಕಾದಾಗ ಗೋತಿಯೆ ಅವನ ಕಾಲು ತುಳಿಯುತ್ತಿದ್ದ. ಓಡೋ ಸತ್ತಾಗ ಅವನನ್ನು ನಾವು ಹಾಡಲು ನಿಲ್ಲುವ ಕಲ್ಲಿನಡಿಯೇ ಹೂಳಿ, ಅವನ ಜಾಗ ನನಗೆ ಕೊಟ್ಟರು.

ಈಸ್ಟರ್ ಬೆಳಿಗ್ಗೆ, ಬಿಷಪ್ಪರ ಎದುರಿಗೇ, ಉಸಿರು ಸಾಲದೆ ಬಾಯಿ ಮುಚ್ಚಿದೆ. ಸ್ವರ ನಿಲ್ಲಲಿಲ್ಲ. ನನ್ನ ಅಂಗಾಲು ತಣ್ಣಗೆ ಕೊರೆಯತೊಡಗಿತು.

ಗೋತಿಯೆ ನನ್ನ ಕಾಲು ತುಳಿದ. ಸ್ವರ ಬದಲಾಗಲಿಲ್ಲ.

“ಬದಲಾಯ್ಸೋ, ಕತ್ತೆ!” ಎಂದು ಉಸಿರೆಳೆಯುವ ನೆಪದಲ್ಲಿ ಗದರಿದ.

“ನಾನೆಲ್ಲಿ ಹಾಡ್ತಿದೀನಿ ಮಾರಾಯಾ!”

ನಾನು ಮಾತಾಡುವಾಗಲೂ ಸ್ವರ ಎಳೆಯುತ್ತಲೇ ಇತ್ತು. ಗೋತಿಯೆ ಬೆವರುತ್ತಾ, ಹಳೇ ಸಿಟ್ಟಿನಲ್ಲಿ ಹಿಮ್ಮಡಿಯಿಂದ ಕಲ್ಲನ್ನು ಗುದ್ದಿದ.

ಸ್ವರ ಬದಲಾಯಿತು.

ಬಿಷಪ್ಪರು ನನ್ನ ಉಸಿರನ್ನು ಹೊಗಳಿದರು. ಈಗಲೂ ನಾನು ಬಾಯಿ ತೆರೆದು ನಿಲ್ಲುತ್ತೇನಷ್ಟೆ. ಗೋತಿಯೆ ತುಳಿಯುವುದು ಕಲ್ಲನ್ನೇ.