ಐದು ಕಾಲಿನ ಕುಂಬಳಾನೆ

ಬೆಟ್ಟಗಳೆಲ್ಲ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಬೆಳಗಲ್ಲು ಎಂಬ ಒಂದು ರಾಜ್ಯವಿತ್ತು. ರಾಜನೂ ಇದ್ದ, ಇಲ್ಲ ಅಂತಲ್ಲ, ಆದರೆ ಸಿಂಹಾಸನದ ಮೇಲೆ ಕೂತಲ್ಲೇ ಕಲ್ಲಾಗಿದ್ದ. ಆಳುತ್ತಿದ್ದವನು ಬೂದಿಗಣ್ಣನೆಂಬ ಮಾಂತ್ರಿಕ. ಅವನು ಅನ್ನ ಉಣ್ಣುವವನಲ್ಲ, ಹಾಲು ಕುಡಿಯುವವನಲ್ಲ. ಜನರ ನಿಟ್ಟುಸಿರೇ ಅವನ ಊಟ. ಅದನ್ನು ತುಂಬಿಕೊಳ್ಳಲು ಬೆನ್ನಿಗೊಂದು ತೊಗಲಿನ ಚೀಲ. ಕಂಕುಳಲ್ಲಿ ಮಂಕುಬೂದಿಯ ಮಡಕೆ. ಆ ಬೂದಿ ಬಿದ್ದ ಕಡೆ ಬಣ್ಣವೆಲ್ಲ ಸತ್ತುಹೋಗುತ್ತಿತ್ತು.

ನಿಟ್ಟುಸಿರು ಸುಮ್ಮನೆ ಹುಟ್ಟುತ್ತದೆಯೇ? ಅದಕ್ಕಾಗಿ ಅವನು ಊರಿಗೆ ಊರನ್ನೇ ಕೋಟೆ ಕಟ್ಟುವ ಬಿಟ್ಟಿ ದುಡಿಮೆಗೆ ಹಚ್ಚಿದ. ಕೋಟೆ ಮುಗಿದರೆ ಕೆಡವಿಸಿ ಮತ್ತೆ ಕಟ್ಟಿಸಿದ. ಎದೆಯ ಭಾರ ಇಳಿಸಲು ಪುರುಸೊತ್ತಿಲ್ಲದೆ ಜನ ಪಾದದಿಂದ ಮೇಲಕ್ಕೆ ನಿಧಾನವಾಗಿ ಕಲ್ಲಾಗತೊಡಗಿದರು. ಕಲ್ಲು ಎದೆ ಮುಟ್ಟಿತೋ, ಮುಗಿಯಿತು. ಸಾಲದ್ದಕ್ಕೆ ಒಂದು ಡಂಗುರ ಬೇರೆ: ಮನೆಯಲ್ಲಿ ಯಾರೂ ಒಂದು ಗೀಟೂ ಎಳೆಯಕೂಡದು, ಚಿತ್ರ ಬರೆಯಲು ಅರಮನೆಯಲ್ಲಿ ನೂಲು ಹಿಡಿದು ಅಳೆಯುವ ಚಿತ್ರಗಾರರಿದ್ದಾರೆ, ನಿಮಗೇಕೆ ಆ ಉಸಾಬರಿ.

ಆ ಊರಿನ ಸುಣ್ಣದ ಗೂಡಿನ ಪಕ್ಕದಲ್ಲಿ ದ್ಯಾಮಿ ಎಂಬ ಹುಡುಗಿ, ಅವಳ ತಾಯಿ ಸಂಕವ್ವ. ಇಬ್ಬರೇ. ಸುಣ್ಣ ಸುಟ್ಟು ಸುಟ್ಟು ಸಂಕವ್ವನ ಕಾಲು ಸೊಂಟದವರೆಗೆ ಕಲ್ಲಾಗಿತ್ತು. ಮಾತು ನಿಂತು ತಿಂಗಳಾಗಿತ್ತು. ಮಗಳು ತುತ್ತು ಇಟ್ಟರೆ ನುಂಗುತ್ತಿದ್ದಳು, ನಿಟ್ಟುಸಿರು ಬಿಡುತ್ತಿದ್ದಳು, ಅಷ್ಟೇ.

ಒಂದು ಬೆಳಿಗ್ಗೆ ದ್ಯಾಮಿ ಗೋಡೆಗೆ ಸುಣ್ಣ ಬಳಿಯುತ್ತಿದ್ದಳು. ಮನಸ್ಸು ರೋಸಿಹೋಗಿತ್ತು. ಕೈ ತಾನಾಗಿ ಸುಣ್ಣದ ಕುಂಚ ಬಿಟ್ಟು ಕೆಮ್ಮಣ್ಣಿಗೆ ಬೆರಳದ್ದಿ ಒಂದು ಆನೆ ಬರೆಯಿತು. ಬರೆಯಲು ಅವಳಿಗೆಲ್ಲಿ ಬರುತ್ತಿತ್ತು? ಹೊಟ್ಟೆ ಕುಂಬಳಕಾಯಿಯಂತೆ ಊದಿತು, ಸೊಂಡಿಲು ಒನಕೆಯಂತೆ ಸೆಟೆದು ನಿಂತಿತು, ಲೆಕ್ಕ ತಪ್ಪಿ ಕಾಲು ಐದಾದವು. ಹಿಂದಿರುಗಿ ನೋಡಿದರೆ ಸಂಕವ್ವನ ತುಟಿಯ ಕೊನೆ ಅಲುಗಿದೆ. ಕಲ್ಲು ಸೊಂಟದಿಂದ ಒಂದು ಬೆರಳು ಕೆಳಗಿಳಿದಿದೆ.

ದ್ಯಾಮಿ ಬಾಗಿಲು ಹಾಕಲಿಲ್ಲ, ಕದ್ದು ಬರೆಯಲಿಲ್ಲ. ಬಾಗಿಲು ತೆರೆದಿಟ್ಟೇ ಕೋಳಿ, ಕಪ್ಪೆ, ಮೀಸೆಯಿರುವ ಸೂರ್ಯ, ಎಲ್ಲ ಬರೆದಳು. ಹಾದು ಹೋಗುವವರು ನಿಂತು ನೋಡಿದರು, ಹೆದರಿ ಮುಂದೆ ಹೋದರು. ಆದರೆ ಹೋಗುವಾಗ ನಗುತ್ತ ಹೋದರು. ಅತ್ತ ಕೋಟೆಯಲ್ಲಿ ಬೂದಿಗಣ್ಣನ ಚೀಲದ ಗಂಟು ಒಂದೆಳೆ ಸಡಿಲಾಯಿತು.

ಮಾಂತ್ರಿಕ ಕೆರಳಿ ತನ್ನ ಮಾಯದ ಹಂದಿಯನ್ನು ಕಳಿಸಿದ. ಚಿತ್ರ ನೆಕ್ಕುವುದೇ ಅದರ ಕೆಲಸ. ಬಂದದ್ದೇ ಗೋಡೆಯನ್ನು ಸೊರಸೊರ ನೆಕ್ಕಿ, ಇನ್ನೇನು ಬರೆಯುತ್ತೀ ನೋಡೋಣ ಎಂದಿತು. ದ್ಯಾಮಿಗೆ ನಗು ಬಂತು. ಡಂಗುರಕ್ಕೆ ಮುಂಚೆ ಅವಳ ಮನೆತನದವರು ನಿನ್ನೆಯ ರಂಗೋಲಿಯನ್ನು ತಾವೇ ಸಾರಿಸಿ ಇವತ್ತು ಹೊಸದು ಇಡುತ್ತಿದ್ದವರು. ಅಳಿಸಿಹೋದದ್ದಕ್ಕೆ ಯಾರು ಅಳುತ್ತಾರೆ? ಈ ಸಲ ಅವಳು ಹಸಿ ಸುಣ್ಣದಲ್ಲೇ ಬರೆದಳು. ಅದು ನೆಕ್ಕಿತು. ಇವಳು ಬರೆದಳು. ಅದು ನೆಕ್ಕಿತು. ಎಲೆಗೆ ಒಂದು ಚೂರು ಸುಣ್ಣ ಹೆಚ್ಚಾದರೆ ಬಾಯಿ ಏನಾಗುತ್ತದೆಂದು ಎಲೆಯಡಿಕೆ ಹಾಕುವವರನ್ನು ಕೇಳಬೇಕು. ಏಳನೇ ಆನೆಗೆ ಹಂದಿಯ ನಾಲಿಗೆ ಬೊಬ್ಬೆಯೆದ್ದು, ಅದು ಹೊಳೆಯ ಕಡೆಗೆ ಓಟ ಕಿತ್ತಿತು. ಸಂಕವ್ವ ಮೂಗಿನಲ್ಲೇ ನಕ್ಕಳು. ಕಲ್ಲು ಮೊಣಕಾಲಿಗಿಳಿಯಿತು. ಗಂಟು ಇನ್ನೊಂದೆಳೆ ಸಡಿಲಾಯಿತು.

ಎರಡನೆಯದಾಗಿ ಗಾಜಿನ ಗರಿಗಳ ನವಿಲು ಬಂತು. ಕೊಕ್ಕಿನಲ್ಲಿ ಅಳತೆಯ ನೂಲು. ಅದು ಒಮ್ಮೆ ಛೀ ಅಂದರೆ ಎಂಥ ಕಲೆಗಾರನ ಕೈಯೂ ಮರಗಟ್ಟುತ್ತಿತ್ತು. ನವಿಲು ಆನೆಯ ಉದ್ದ ಅಳೆಯಿತು, ಅಗಲ ಅಳೆಯಿತು, ಕಾಲು ಎಣಿಸಿತು.

"ಛೀ. ಇದೇನು ಆನೆಯೋ, ಕುಂಬಳಕಾಯಿಯೋ?"

ದ್ಯಾಮಿಯ ಬೆರಳ ತುದಿ ತಣ್ಣಗಾಗತೊಡಗಿತು. ಕೈ ನಿಂತರೆ ಅವ್ವ ಹೋದಳು ಎಂದು ಅವಳಿಗೆ ಗೊತ್ತು. ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಎರಡೂ ಹೌದಣ್ಣ. ಹಸಿವಾದರೆ ಹುಳಿ ಮಾಡು, ಸುಸ್ತಾದರೆ ಸವಾರಿ ಮಾಡು. ಚೆನ್ನಾಗಿದೆ ಅಂತ ಹೇಳಿದವರು ಯಾರು? ನಾನು ಬರೆದದ್ದು ನಮ್ಮವ್ವನಿಗೆ, ನಿನ್ನ ನೂಲಿಗಲ್ಲ."

ಅಷ್ಟು ಹೇಳಿ ನವಿಲನ್ನೇ ಬರೆದಳು. ಕತ್ತು ಸೌಟಿನಂತೆ, ಗರಿ ಹಳೇ ಪೊರಕೆಯಂತೆ. ನವಿಲು ಬಗ್ಗಿ ನೋಡಿತು. ತಡೆಯಲು ನೋಡಿತು, ಆಗಲಿಲ್ಲ. ಬಿದ್ದು ಬಿದ್ದು ನಕ್ಕಿತು. ನಕ್ಕ ಹಾಗೆಲ್ಲ ಗಾಜಿನ ಗರಿಗಳು ಉದುರಿ, ಒಳಗಿಂದ ಒಬ್ಬ ಬಡಕಲು ಮುದುಕ ಹೊರಬಂದ. ಅರಮನೆಯ ಚಿತ್ರಗಾರ ಚಿತ್ತಯ್ಯ ಅವನು. ನಲವತ್ತು ವರ್ಷ ನೂಲಿನ ಅಳತೆಯಲ್ಲೇ ಬರೆದು, ಕೊನೆಗೆ ಮಾಂತ್ರಿಕನ ಸಾಕುಹಕ್ಕಿಯಾಗಿದ್ದವನು. ಒಲೆಯಿಂದ ಇದ್ದಿಲು ತೆಗೆದುಕೊಂಡು, ನನಗೂ ಒಂದು ಮೂಲೆ ಕೊಡಮ್ಮ ಎಂದ. ಸಂಕವ್ವ ಹಲ್ಲು ಕಾಣುವಂತೆ ನಕ್ಕಳು. ಕಲ್ಲು ಪಾದಕ್ಕಿಳಿಯಿತು. ಗಂಟು ಮತ್ತೊಂದೆಳೆ ಸಡಿಲಾಯಿತು.

ಮೂರನೆಯ ದಿನ ನಡುಹಗಲಲ್ಲಿ ಬೂದಿಗಣ್ಣ ತಾನೇ ಬಂದ. ಮಾತಿಲ್ಲ, ಕತೆಯಿಲ್ಲ, ಮಡಕೆಯನ್ನು ಬೋರಲು ಹಾಕಿ ಊದಿಬಿಟ್ಟ. ಬೂದಿ ಮನೆ ತುಂಬಿತು, ಬೀದಿ ತುಂಬಿತು, ಊರಿನ ಮನೆಮನೆಯ ಒಳಗೂ ನುಗ್ಗಿ ಅಂಗೈ ದಪ್ಪ ಕೂತಿತು. ಸುಣ್ಣವಿಲ್ಲ, ಕೆಮ್ಮಣ್ಣಿಲ್ಲ, ಅರಿಸಿನವಿಲ್ಲ; ಒಲೆಯ ಇದ್ದಿಲೂ ಕಾಣದು. ಸಂಕವ್ವನ ಕಲ್ಲು ಸರಸರನೆ ಮೇಲೇರಿ ಎದೆಗೆ ನಾಲ್ಕೇ ಬೆರಳು ಉಳಿಯಿತು.

"ಯಾವುದರಲ್ಲಿ ಬರೆಯುತ್ತೀಯೇ ಈಗ?" ಎಂದ ಬೂದಿಗಣ್ಣ.

ದ್ಯಾಮಿ ತಾಯಿಯ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು. ಬೂದಿ ಎಷ್ಟು ನುಣ್ಣಗೆ, ಎಷ್ಟು ಸಮವಾಗಿ ಹರಡಿತ್ತೆಂದರೆ, ಅಷ್ಟು ಚೆಂದದ ಹಲಗೆ ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ನೀನು ಕೊಟ್ಟದ್ದರಲ್ಲೇ," ಎಂದು ಕುಕ್ಕರುಗಾಲಲ್ಲಿ ಕೂತು ಬೆರಳಿಟ್ಟಳು.

ಮೊದಲು ಒಂದು ಮಡಕೆ. ಮಡಕೆಗೆ ಎರಡು ಕಡ್ಡಿ ಕಾಲು. ಬೆನ್ನಿಗೆ ಚೀಲ, ಚೀಲಕ್ಕಿಂತ ದೊಡ್ಡ ಮೂಗು. ಈ ಚಿತ್ರದ ಬೂದಿಗಣ್ಣನನ್ನು ಹೊತ್ತುಕೊಂಡು ಹೋಗುತ್ತಿರುವುದು ಯಾರು? ಐದು ಕಾಲಿನ ಕುಂಬಳಾನೆ. ಬೂದಿಗಣ್ಣ ಕಾಲಿನಿಂದ ಉಜ್ಜಿದ. ಉಜ್ಜಿದ ಕಡೆ ನೆಲ ಮತ್ತೆ ನುಣುಪಾಯಿತು, ದ್ಯಾಮಿ ಮತ್ತೆ ಬರೆದಳು, ಈ ಸಲ ಮೂಗು ಇನ್ನೂ ದೊಡ್ಡದು.

ಆಗ ಸಂಕವ್ವ ಬಾಯಿಬಿಟ್ಟಳು. ತಿಂಗಳ ಮೇಲೆ ಮೊದಲನೇ ಮಾತು.

"ಲೇ ದ್ಯಾಮಿ, ಆನೆಗೆ ಐದನೇ ಕಾಲು ಯಾತಕ್ಕೇ?"

"ಅವನನ್ನು ಒದೆಯೋದಕ್ಕೆ ಅವ್ವ."

ಸಂಕವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಕಲ್ಲು ಚಟಚಟನೆ ಒಡೆದು ಚೂರಾಗಿ ಉದುರಿತು. ಬಾಗಿಲಲ್ಲಿ ಇಣುಕುತ್ತಿದ್ದವರು ಕೇಳಿದರು, ನಕ್ಕರು, ತಂತಮ್ಮ ಮನೆಗೆ ಓಡಿ ನೆಲದ ಬೂದಿಯಲ್ಲಿ ಬೆರಳಿಟ್ಟರು. ಒಬ್ಬಳ ಮೊಲಕ್ಕೆ ಕೊಂಬು ಬಂತು, ಒಬ್ಬನ ಕುದುರೆ ಬದನೆಕಾಯಿಯಾಯಿತು. ಯಾರಿಗೂ ಗೀಟು ಎಳೆಯಲು ಬಿಡಬಾರದೆಂದು ಹೊರಟವನು ಮನೆಮನೆಗೂ ತಾನೇ ಹಲಗೆ ಹಾಸಿಕೊಟ್ಟಿದ್ದ.

ಚೀಲದ ಗಂಟಿನ ಕೊನೆಯ ಎಳೆಯೂ ಬಿಚ್ಚಿತು. ನಿಟ್ಟುಸಿರುಗಳೆಲ್ಲ ಹೊರಬಿದ್ದು ತಂಗಾಳಿಯಾಗಿ ಊರ ಮೇಲೆ ಬೀಸಿದವು. ಬೂದಿಗಣ್ಣ ಕುಗ್ಗಿದ, ಇನ್ನೂ ಕುಗ್ಗಿದ, ಕೊನೆಗೆ ಒಂದು ಹಿಡಿ ಬೂದಿಯಾಗಿ ಹೊಸ್ತಿಲ ಬಳಿ ಬಿದ್ದ. ಸಂಕವ್ವ ಅದನ್ನು ತೆಂಗಿನ ಚಿಪ್ಪಿನಲ್ಲಿ ಬಳಿದುಕೊಂಡು, ತಿಂಗಳಿಂದ ಮಸಿ ಹಿಡಿದಿದ್ದ ಸಾರಿನ ಪಾತ್ರೆ ತಿಕ್ಕಿದಳು. ಫಳಫಳ ಹೊಳೆಯಿತು.

ಮಾಟ ಕಳಚಿ, ಕಲ್ಲಾಗಿದ್ದ ರಾಜ ಸಿಂಹಾಸನದಿಂದ ಮೈ ಮುರಿಯುತ್ತ ಎದ್ದ. ದ್ಯಾಮಿಯನ್ನು ಕರೆಸಿ, ಆಸ್ಥಾನದ ಚಿತ್ರಗಾರ್ತಿಯಾಗು ಎಂದ. ಅವಳು ಒಪ್ಪಲಿಲ್ಲ, ಬೇಕಾದರೆ ತಾವೇ ಮನೆಗೆ ಬಂದು ಒಂದು ಕಪ್ಪೆ ಬರೆಯಿರಿ ಸ್ವಾಮಿ ಎಂದಳು. ರಾಜ ಬಂದ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬರೆದ. ಕಪ್ಪೆಗೆ ಕಿರೀಟ ಮೂಡಿತು, ಕಾಲೇ ಮೂಡಲಿಲ್ಲ. ಚಿತ್ತಯ್ಯ ನೂಲು ತರಲು ಎದ್ದವನು ನೆನಪಾಗಿ ಕೂತ.

ಮಾರನೆಯ ಬೆಳಿಗ್ಗೆ ಸಂಕವ್ವ ಅದನ್ನೂ ಸಾರಿಸಿದಳು. ರಾಜನ ಕಪ್ಪೆಯಾದರೇನು, ಹೊಸ ಗೀಟಿಗೆ ಜಾಗ ಬೇಕಲ್ಲ. ಬೆಳಗಲ್ಲಿನ ಜನ ಅಂದಿನಿಂದ ಹಗುರವಾಗಿ ಬದುಕಿದರು. ಆ ನಾಡಿನ ಆನೆಗಳಿಗೆಲ್ಲ ಇಂದಿಗೂ ಐದೇ ಕಾಲು.