ಕೋಳಿಗಳ ನಡುವೆ ಕೆಂಚ

"ಅಯ್ಯಯ್ಯೋ... ನನ್ನ ಕೋಳಿ!"

ಕಾಫಿ ಲೋಟಗಳ ತಟ್ಟೆಯನ್ನು ಬಾಗಿಲಲ್ಲೇ ಕೆಳಗಿಟ್ಟು, ರೇಷ್ಮೆ ಸೀರೆಯನ್ನು ಎತ್ತಿ ಹಿಡಿದು ಗಾನವಿ ಹಿತ್ತಿಲಿಗೆ ಓಡಿದಳು. ಹೆಣ್ಣು ನೋಡಲು ಬಂದವರು ಸುಲಿದ ಬಾಳೆಹಣ್ಣನ್ನು ಕೈಯಲ್ಲೇ ಹಿಡಿದು ಕುಳಿತರು. ಎದ್ದು ಅವಳ ಹಿಂದೆ ಓಡಿದವನು ಒಬ್ಬನೇ... ಗಂಡು!

ಹಿತ್ತಿಲಲ್ಲಿ ಕೆಂಚು ಬಣ್ಣದ ದೊಡ್ಡ ನಾಯಿಯೊಂದು ಅವಳ ನಾಟಿ ಕೋಳಿಗಳನ್ನೆಲ್ಲ ಕುರಿಗಳ ಹಾಗೆ ಸುತ್ತುಗಟ್ಟಿ ಗೋಡೆಯ ಮೂಲೆಗೆ ಒತ್ತರಿಸಿತ್ತು. ಗಾಬರಿಗೆ ಕೋಳಿಗಳು ಒಂದರ ಮೇಲೊಂದು ಬಿದ್ದು ರಾಶಿಯಾಗಿದ್ದವು.

"ಕೆಂಚಾ! ಬಾ ಇಲ್ಲಿ!"

ನಾಯಿ ತಕ್ಷಣ ಬಂದು ಅವನ ಕಾಲ ಬಳಿ ಕುಳಿತು ಬಾಲ ಆಡಿಸಿತು. ಪಾಪ, ಅದರ ಲೆಕ್ಕದಲ್ಲಿ ಅದು ಮಾಡಿದ್ದು ಒಳ್ಳೆಯ ಕೆಲಸವೇ!

ಗಾನವಿ ರಾಶಿಯನ್ನು ಬಿಡಿಸಿದಳು. ಅಡಿಯಲ್ಲಿ ಸಿಕ್ಕಿಕೊಂಡಿದ್ದ ಮೂರು ಹ್ಯಾಟೆಗಳು ಕತ್ತು ಚೆಲ್ಲಿದ್ದವು. ಇನ್ನೇನು ಮೊದಲ ಮೊಟ್ಟೆ ಇಡಬೇಕಾಗಿದ್ದವು. ಮೈಮೇಲೆ ಒಂದು ಹಲ್ಲಿನ ಗುರುತೂ ಇರಲಿಲ್ಲ. ಉಸಿರು ಕಟ್ಟಿ ಸತ್ತಿದ್ದವು.

"ಅವನು ಕಚ್ಚಿಲ್ಲ ಕಣ್ರೀ... ಕುರಿ ಕಾಯೋ ನಾಯಿ. ಓಡೋದನ್ನ ಕಂಡ್ರೆ ಗುಂಪು ಕಟ್ತಾನೆ. ತಪ್ಪು ನಂದೇ, ಗಾಡಿಲೇ ಕಟ್ಟಾಕ್ಬೇಕಿತ್ತು."

"ಕಚ್ಚಿದ್ರೇನು, ಅಮುಕಿದ್ರೇನು? ನನ್ನ ಕೋಳಿ ಎದ್ದು ಬತ್ತವಾ?" ಅವಳ ಕಣ್ಣಲ್ಲಿ ನೀರು, ದನಿಯಲ್ಲಿ ಬೆಂಕಿ. "ಹೊರಡ್ರೀ ನೀವು! ನಿಮ್ಮ ನಾಯಿನೂ ಕರ್ಕಂಡು ಹೊರಡಿ!"

ತಲೆ ಎತ್ತಬೇಡ, ಮಾತು ಆಡಬೇಡ ಎಂದು ತಾಯಿ ಸಿದ್ದಮ್ಮ ಬೆಳಗಿನಿಂದ ಹೇಳಿಕೊಟ್ಟದ್ದೆಲ್ಲ ನೀರಲ್ಲಿ ಮಾಡಿದ ಹೋಮವಾಯಿತು.

ಗಾನವಿ ಒಬ್ಬಳೇ ಮಗಳು. ಅಪ್ಪ ಹೋದ ಮೇಲೆ ದಬ್ಬೇಘಟ್ಟದ ಆ ತೆಂಗಿನ ತೋಟವೂ ಅವಳದೇ, ಕೋಳಿಗಳೂ ಅವಳವೇ. ಅವಳನ್ನು ಮದುವೆಯಾಗುವವನು ಮನೆ ಅಳಿಯನಾಗಿ ಬರಬೇಕು. ದಂಡಿನಶಿವರದ ಕಲ್ಲೇಶ್ ಅದಕ್ಕೆ ಒಪ್ಪಿದ್ದ. ಅವನ ಜೊತೆ ಅವನ ಕುರಿಗಳು, ಕುರಿಗಳ ಜೊತೆ ಕೆಂಚ. ಈ ಕೊನೆಯದನ್ನು ಸಂಬಂಧ ತಂದ ಸೋದರಮಾವ ನಂಜುಂಡಪ್ಪ ಜಾಣತನದಿಂದ ಬಾಯಿ ಬಿಟ್ಟು ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಬೇಲಿಯಾಚೆ ಕಲ್ಲೇಶ್ ನಿಂತಿದ್ದ. ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಕೆಂಚ.

"ಮತ್ತ್ಯಾಕೆ ಬಂದ್ರಿ?"

"ಸಂಬಂಧದ ಮಾತಿಗಲ್ಲ. ಇವನಿಗೆ ಕೋಳಿ ಮುಂದೆ ಸುಮ್ಕಿರೋದು ಕಲಿಸ್ಬೇಕು. ಕೋಳಿ ಕೊಂದ ನಾಯಿ ಅಂತ ಹೆಸರು ಬಂದ್ರೆ ಯಾರಾದ್ರೂ ವಿಷ ಇಕ್ತಾರೆ. ಒಳಕ್ಕೆ ಬರಲ್ಲ, ಇಲ್ಲೇ ಕೂತ್ಕಂತೀನಿ... ಆಗ್ಬೋದಾ?"

ಅವಳು ಹೂಂ ಅನ್ನಲಿಲ್ಲ. ಆದರೆ ಓಡಿಸಲೂ ಇಲ್ಲ!

ಅವನು ದಿನಾ ಬಂದ. ಬೇಲಿಯಿಂದ ದೂರದಲ್ಲಿ ಕೆಂಚನನ್ನು ಕೂರಿಸಿಕೊಳ್ಳುತ್ತಿದ್ದ. ಕಿವಿ ನಿಮಿರಿ ಮುಂಗಾಲು ಮೇಲೆದ್ದರೆ ಇನ್ನಷ್ಟು ಹಿಂದಕ್ಕೆ ಕರೆದೊಯ್ಯುತ್ತಿದ್ದ. ಕೋಳಿಗಳಿಂದ ಕಣ್ಣು ತೆಗೆದು ತನ್ನ ಮುಖ ನೋಡಿದರೆ ಒಂದು ಚೂರು ರಸ್ಕ್. ಒಂದು ಏಟಿಲ್ಲ, ಒಂದು ಬೈಗುಳವಿಲ್ಲ.

ಗಾನವಿ ಕಾಯಿ ಸುಲಿಯುವ ನೆಪದಲ್ಲಿ ಕದ್ದು ನೋಡುತ್ತಿದ್ದಳು. 'ಇಷ್ಟು ತಾಳ್ಮೆ ಯಾವ ಗಂಡಸಿಗಿರುತ್ತೆ?' ಎಂದುಕೊಳ್ಳುವಳು. ಮರುಕ್ಷಣವೇ ಸತ್ತ ಹ್ಯಾಟೆಗಳು ನೆನಪಾಗಿ ಮುಖ ಗಂಟು ಹಾಕಿಕೊಳ್ಳುವಳು.

"ನೀವು ಓಡಾಡ್ತಾ ರಾಗಿ ಎರಚ್ತೀರಲ್ಲ," ಒಂದು ದಿನ ಅವನೇ ಮೆಲ್ಲಗೆ ಹೇಳಿದ. "ನೀವು ಓಡಿದ್ರೆ ಕೋಳಿ ಓಡ್ತವೆ. ಕೋಳಿ ಓಡಿದ್ರೆ ಇವನು ಏಳ್ತಾನೆ."

"ಓಹೋ, ಈಗ ನನಗೂ ಪಾಠನಾ?"

ಗೊಣಗಿದಳು. ಆದರೆ ಮರುದಿನದಿಂದ ಮೆಲ್ಲಗೆ ನಡೆದು ರಾಗಿ ಹಾಕತೊಡಗಿದಳು. ಅವನು ನಾಯಿಗೆ ಕಲಿಸಿದ, ಅವಳು ಕೋಳಿಗಳಿಗೆ ಕಲಿಸಿದಳು. ಬೇಲಿಯಾಚೆ ಇದ್ದವನು ಈಚೆ ಬಂದ. ಅವನು ಬರುವುದು ತಡವಾದರೆ ಅವಳಿಗೆ ಕೆಲಸವೇ ಓಡುತ್ತಿರಲಿಲ್ಲ. ಬಾಯಿ ಬಿಟ್ಟು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ಆದರೆ ಅವಳು ಹೇಳಬೇಕಲ್ಲ!

ಒಂದು ದಿನ ಒಣಗಿದ ತೆಂಗಿನ ಗರಿಯೊಂದು ಧೊಪ್ಪೆಂದು ಅಂಗಳಕ್ಕೆ ಬಿತ್ತು. ಕೋಳಿಗಳು ದಿಕ್ಕೆಟ್ಟು ಹಾರಿದವು. ಕೆಂಚ ನೆಗೆದೇ ಬಿಟ್ಟಿತು! ಕಲ್ಲೇಶ್ ಹಗ್ಗ ಬಿಡಲಿಲ್ಲ. ಅಂಗೈ ಚರ್ಮ ಸುಲಿದು ರಕ್ತ ಬಂತು.

ಕೋಳಿಗಳು ಉಳಿದವು. ಗಾನವಿ ಅವನ ಕೈಗೆ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿದಳು. ಹಚ್ಚಿದವಳೇ ಮುಖ ತಿರುಗಿಸಿ ಒಳಗೆ ಹೋದಳು. 'ನನ್ನ ಕೋಳಿಗಾಗಿ ಕೈ ಹರ್ಕೊಂಡ್ರಲ್ಲ...' ಎಂದು ಅವಳ ಮನಸ್ಸು ಅಳುತ್ತಿತ್ತು. ಅವಳು ಹಾಗೆ ಹೋದದ್ದನ್ನು ಅವನು ಸಿಟ್ಟು ಎಂದುಕೊಂಡ.

ಅದಾದ ಮೇಲೆ ಎರಡು ದಿನ ಅವನು ಬರಲಿಲ್ಲ. ಬಂದಾಗ ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಮುಖದಲ್ಲಿ ಮಾತ್ರ ಕಳೆಯಿರಲಿಲ್ಲ.

ಗಾನವಿ ಅವನ ಹಿಂದೆ ಮುಂದೆ ನೋಡಿದಳು. "ಕೆಂಚ ಎಲ್ಲಿ?"

"ಅರಳಗುಪ್ಪೆಲಿ ಪರಿಚಯದ ಕುರಿಯವರಿದ್ದಾರೆ. ನಿನ್ನೆ ಅವರಿಗೆ ಕೊಟ್ಬುಟ್ಟೆ."

"ಕೊಟ್ಬುಟ್ರಾ?" ಅವಳ ಕೈಯಲ್ಲಿದ್ದ ರಾಗಿಯೆಲ್ಲ ನೆಲಕ್ಕೆ ಬಿತ್ತು. "ನಿಮ್ಮ ಮುಖಾನೇ ನೋಡ್ತಾ ಕೂತಿರ್ತಿದ್ದ ಜೀವ ಅದು! ಅದನ್ನೇ ಕೊಟ್ಟು ಬಂದೋರು ನಾಳೆ ನನ್ನ ಬುಟ್ಟು ಹೋಗಲ್ಲ ಅಂತ ಹೆಂಗ್ರೀ ನಂಬ್ಲಿ?"

ಕಲ್ಲೇಶನ ಮುಖ ಬಿಳಿಚಿಕೊಂಡಿತು. "ನೀವೇ ಹೇಳಿ ಕಳ್ಸಿದ್ರಲ್ಲ! ನಾಯಿ ಬುಟ್ಟು ಬಂದ್ರೆ ಮದ್ವೆಗೆ ಒಪ್ತೀನಿ ಅಂತ..."

"ನಾನಾ? ಯಾರ ಹತ್ರ?"

ಇಬ್ಬರೂ ಒಟ್ಟಿಗೆ ಜಗಲಿಯ ಕಡೆ ತಿರುಗಿದರು. ಎಲೆ ಅಡಿಕೆ ಜಗಿಯುತ್ತಿದ್ದ ನಂಜುಂಡಪ್ಪನ ಬಾಯಿ ನಿಂತುಹೋಯಿತು.

"ಒಳ್ಳೇದಾಗ್ಲಿ ಅಂತ ನಾನೇ ಒಂದು ಮಾತು ಸೇರಿಸ್ದೆ ಕಣವ್ವಾ... ನಿನ್ನ ಮನಸ್ಸಲ್ಲಿ ಇದ್ದಿದ್ದೂ ಅದೇ ಅಲ್ವಾ?"

"ನನ್ನ ಮನಸ್ಸು ನಿನಗೇನು ಗೊತ್ತು ಮಾವ!" ಎಂದವಳೇ ಕಲ್ಲೇಶನ ಬೈಕಿನ ಬಳಿ ಹೋಗಿ ನಿಂತಳು. "ಹತ್ರೀ. ಈಗ್ಲೇ ಹೋಗಿ ಕರ್ಕಂಡು ಬರಾಣ."

ಅರಳಗುಪ್ಪೆಯ ಕುರಿ ಹಟ್ಟಿಯಲ್ಲಿ ಕಡಿದ ಹಗ್ಗದ ತುಂಡು ಮಾತ್ರ ಗೂಟಕ್ಕೆ ನೇತಾಡುತ್ತಿತ್ತು.

"ರಾತ್ರಿನೇ ಕಿತ್ಕಂಡು ಹೋಯ್ತು ಕಣಪ್ಪ," ಕುರಿಯವನು ತಲೆ ಕೆರೆದುಕೊಂಡ. "ಬೈತೀಯ ಅಂತ ಫೋನ್ ಮಾಡ್ಲಿಲ್ಲ, ಬೆಳಿಗ್ಗೆಯಿಂದ ಹುಡುಕ್ತಾನೇ ಇವ್ನಿ."

ರಸ್ತೆ ತುಂಬ ಲಾರಿಗಳು... ಊರೂರಲ್ಲಿ ನಾಯಿಗಳ ಹಿಂಡು... ಕಲ್ಲೇಶ್ ದಂಡಿನಶಿವರಕ್ಕೆ ಫೋನ್ ಮಾಡಿದ. ಅಲ್ಲಿಗೂ ಬಂದಿರಲಿಲ್ಲ. ತೋಟ ತೋಟದ ಬೇಲಿಯಲ್ಲಿ ನಿಂತು ಕೂಗಿದ. ಅವನ ದನಿ ಒಡೆಯುವುದನ್ನು ಕೇಳಿ ಗಾನವಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. 'ದೇವ್ರೇ, ಅದಕ್ಕೇನೂ ಆಗದಿರ್ಲಿ. ಇವರು ತಡ್ಕೊಳಲ್ಲ... ನಾನೂ ತಡ್ಕೊಳಲ್ಲ.'

ಸಂಜೆ ಬರಿಗೈಯಲ್ಲಿ ಮನೆಗೆ ಬಂದಾಗ ಹಿತ್ತಿಲ ಬಾಗಿಲಲ್ಲಿ ಸಿದ್ದಮ್ಮ ಕಲ್ಲಾಗಿ ನಿಂತಿದ್ದಳು.

"ಕೂಗ್ಬೇಡ ಕಣೇ..." ಪಿಸುಗುಟ್ಟಿದಳು. "ಬೇಲಿ ಗೇಟು ತೆಗ್ದಿತ್ತು. ಒಳಕ್ಕೆ ಬಂದ್ಬುಟ್ಟದೆ!"

ಅಂಗಳದ ನಡುವೆ ಕೆಂಚ ಮಲಗಿತ್ತು! ಮೈಯೆಲ್ಲ ಕೆಸರು, ಒಂದು ಕಾಲಲ್ಲಿ ರಕ್ತ. ಕತ್ತಿನಲ್ಲಿ ಕಡಿದ ಹಗ್ಗದ ತುಂಡು, ಹಿಡಿಯುವವರಿಲ್ಲ. ಸುತ್ತಲೂ ಗೂಡು ಸೇರುವ ಹೊತ್ತಿನ ಕೋಳಿಗಳು. ಮರಿ ಮಾಡಿದ ಹೇಂಟೆಯೊಂದು ತನ್ನ ಮರಿಗಳನ್ನು ಕಟ್ಟಿಕೊಂಡು ಅದರ ಬಾಲದ ಬಳಿಯೇ ಕೆದಕುತ್ತಿತ್ತು.

ಕೆಂಚ ಕಲ್ಲೇಶನನ್ನು ಕಂಡಿತು. ಎದ್ದು ನಿಂತಿತು. ಹೇಂಟೆ ರೆಕ್ಕೆ ಬಿಚ್ಚಿ ಕೊಕ್ಕರಿಸಿತು.

ಗಾನವಿ ಕಲ್ಲೇಶನ ತೋಳು ಬಿಗಿಯಾಗಿ ಹಿಡಿದಳು. "ಕರೀಬೇಡಿ... ಓಡಿ ಬಂದ್ರೆ ಎಲ್ಲಾ ಚೆದುರ್ತವೆ."

ಅವನು ಉಸಿರು ಬಿಗಿ ಹಿಡಿದ. ತುಟಿ ಕಚ್ಚಿಕೊಂಡ. ಕರೆಯಲಿಲ್ಲ.

ಕೆಂಚನ ಮೈ ಸಂತೋಷಕ್ಕೆ ಗಡಗಡ ನಡುಗುತ್ತಿತ್ತು. ಗಂಟಲಲ್ಲಿ ಕುಂಯ್ ಎಂಬ ಸದ್ದು. ಆದರೂ ಅದು ಓಡಲಿಲ್ಲ. ಒಂದೊಂದೇ ಹೆಜ್ಜೆ ಎತ್ತಿ, ಮರಿಗಳನ್ನು ಬಳಸಿಕೊಂಡು ನಡೆದು ಬಂತು. ಹೇಂಟೆ ಮೂತಿಗೆ ಕುಕ್ಕಿದರೂ ತಿರುಗಿ ನೋಡಲಿಲ್ಲ. ಬಂದು ಅವನ ಮೊಣಕಾಲಿಗೆ ತಲೆ ಒತ್ತಿತು.

ಕಲ್ಲೇಶ್ ಕುಸಿದು ಕುಳಿತು ಅದರ ಕತ್ತು ತಬ್ಬಿ ಅತ್ತುಬಿಟ್ಟ. ಗಾನವಿಯೂ ಪಕ್ಕದಲ್ಲೇ ಕುಳಿತು ಆ ಕೆಸರಿನ ತಲೆಯನ್ನು ಸವರಿದಳು. ಮೊದಲ ಸಲ ಅದನ್ನು ಮುಟ್ಟಿದ್ದಳು.

"ನಮ್ಮನೆಗೂ ಹೋಗಿಲ್ಲ ನೋಡಿ," ಅವನೆಂದ. "ಸೀದಾ ಇಲ್ಲಿಗೇ ಬಂದವ್ನೆ."

"ಇದೇ ಅವನ ಮನೆ ಕಣ್ರೀ. ಇನ್ಮೇಲೆ ಎಲ್ಲಿಗೂ ಕೊಡಂಗಿಲ್ಲ." ಅವಳು ಕಣ್ಣೊರೆಸಿಕೊಂಡಳು. "ಇನ್ನೊಂದು ಮಾತು. ನನ್ನ ಮನಸ್ಸಲ್ಲಿ ಏನೈತೆ ಅಂತ ಯಾರೇ ಬಂದು ಹೇಳ್ಲಿ, ನಂಬ್ಬೇಡಿ. ನನ್ನೇ ಕೇಳಿ."

"ಹಂಗಾರೆ ಈಗ್ಲೇ ಕೇಳ್ತೀನಿ. ನಿಮ್ಮ ಮನಸ್ಸಲ್ಲಿ ಏನೈತೆ?"

ಅವಳು ತಲೆ ತಗ್ಗಿಸಲಿಲ್ಲ. ನೇರವಾಗಿ ಅವನ ಕಣ್ಣನ್ನೇ ನೋಡಿದಳು.

"ನೀವೇ ಇದ್ದೀರಿ."

"ಗಾನವೀ!"

"ಷ್... ಮೆಲ್ಲಗ್ರೀ, ಕೋಳಿ ಬೆದರ್ತವೆ!"

ಅವನು ತಟ್ಟನೆ ದನಿ ತಗ್ಗಿಸಿದ. ಅವಳ ಕಿವಿಯ ಹತ್ತಿರ ಬಗ್ಗಿ, ಕೋಳಿಗಳಿಗೆ ಕೇಳದಷ್ಟು ಮೆಲ್ಲಗೆ ಹೇಳಿದ.

"ನನ್ನ ಮನಸ್ಸಲ್ಲಿ ನೀನು."