ಧೂಳಿಲ್ಲದ ಬಲ್ಬು

ಸರ್ವೆಯರಮ್ಮನ ದಿಂಬಿನ ಕವರು ಮತ್ತೆ ಹೊಲಿಗೆ ಬಿಟ್ಟಿತ್ತು. ವಾರಕ್ಕೊಮ್ಮೆ ಬಿಡುವುದು ಅದರ ಪದ್ಧತಿ. ಅದನ್ನು ಹೊಲಿದು, ಮಹಡಿ ಹತ್ತಿ ಕೊಟ್ಟು, ಅವರು ಮಾಡಿದ ಟೀ ಕುಡಿದು ಇಳಿಯುವುದು ಕೆಳಗಿನ ಅಂಗಡಿಯ ಟೈಲರನ ಪದ್ಧತಿ. ಹೆಂಡತಿ ಹೋದ ಮೇಲೆ ಅವನು ಇನ್ನೊಬ್ಬರ ಮನೆಯಲ್ಲಿ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರೆ ಅದು ಅಲ್ಲಿ ಮಾತ್ರ.

"ಅದೆಂಥ ದಾರ ಹಾಕ್ತೀರ್ರೀ?" ಎಂದು ಅವರು ಗೊಣಗುತ್ತಿದ್ದರು. ಜೀವಮಾನವೆಲ್ಲ ಕೋಟು ಹೊಲಿದವನಿಗೆ ಆ ಮಾತು ಚುರುಕ್ಕೆನ್ನುತ್ತಿತ್ತು. ಆದರೂ ಟೀ ಬಿಡಲು ಮನಸ್ಸಿರಲಿಲ್ಲ.

ಸರ್ವೆಯರಮ್ಮ ಹಿಂದೆ ವಿಮಾ ಕಂಪನಿಯಲ್ಲಿದ್ದವರು. ಸುಟ್ಟ ಅಂಗಡಿಗಳ ಬೂದಿ ಕೆದಕಿ, ಬೆಂಕಿ ತಾನಾಗಿ ಹತ್ತಿತೋ ಯಾರಾದರೂ ಹಚ್ಚಿದರೋ ಎಂದು ಹೇಳುವುದು ಅವರ ಕೆಲಸವಾಗಿತ್ತು. ನಿವೃತ್ತಿ ಅವರಿಗಾಗಿತ್ತೇ ಹೊರತು ಅವರ ಕಣ್ಣಿಗಲ್ಲ. ಬೀದಿಯಲ್ಲಿ ಏನು ಕಳೆದರೂ ಜನ ಮೊದಲು ಹತ್ತುತ್ತಿದ್ದದ್ದು ಆ ಮಹಡಿಯನ್ನೇ. ಟೈಲರ್ ಪ್ರತಿ ಸಲವೂ ಅವರ ಜೊತೆ ಹೋಗಿ ಗಂಭೀರವಾಗಿ ತಲೆಯಾಡಿಸುತ್ತಿದ್ದ. ಅವನಾಗಿ ಒಂದು ಗುಂಡುಸೂಜಿಯನ್ನೂ ಪತ್ತೆ ಮಾಡಿದ್ದಿಲ್ಲ.

ಅವತ್ತು ಟೀ ಇನ್ನೂ ಕುದಿಯುತ್ತಿರುವಾಗಲೇ ಪಕ್ಕದ ಏಸಿ ರಿಪೇರಿ ಅಂಗಡಿಯ ಮೈದುನ ಏದುಸಿರು ಬಿಡುತ್ತಾ ಬಂದ. ಆ ಅಂಗಡಿ ಅವನ ಅಣ್ಣನದು. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಗಲ್ಲಾದಲ್ಲಿ ಕೂರುತ್ತಿದ್ದಳು, ಇವನು ರಿಪೇರಿ ಬೆಂಚಿನಲ್ಲಿ. ಬೀದಿಯವರಿಗೆಲ್ಲ ಅವಳು ಅತ್ತಿಗೆ, ಇವನು ಮೈದುನ.

"ಅಮ್ಮಾ, ನನ್ನನ್ನ ಕಳ್ಳ ಅಂತಿದ್ದಾರೆ. ಹೂವಿನ ಯಜಮಾನ್ರ ಬೋರ್ಡಿಂದ ಚಿಪ್ ಹೋಗಿದೆ."

ಹೂವಿನ ಯಜಮಾನರ ತಂಪು ಕೋಣೆಯ ಏಸಿ ಕೆಟ್ಟಿದ್ದು ಬೀದಿಗೆಲ್ಲ ಗೊತ್ತಿತ್ತು. ಬೋರ್ಡಿನ ಮಿದುಳಿನಂಥ ಆ ಚಿಪ್ ಈಗ ತಯಾರಾಗುತ್ತಿರಲಿಲ್ಲ. ಅದೇ ಮಾಡೆಲ್ಲಿನ ಸತ್ತ ಬೋರ್ಡೊಂದು ಸಿಕ್ಕರೆ ಅದರಿಂದ ಕಿತ್ತು ಹಾಕಬೇಕು, ಬೇರೆ ದಾರಿಯಿಲ್ಲ. ಮೈದುನ ಗುಜರಿಗಳನ್ನೆಲ್ಲ ಜಾಲಾಡಿ, ಕೊನೆಗೂ ಒಂದನ್ನು ಹುಡುಕಿ ತಂದಿದ್ದ.

"ನಿನ್ನೆ ಸಂಜೆ ಚಿಪ್ ಕೂರಿಸಿ, ಕರೆಂಟ್ ಕೊಟ್ಟು ನೋಡ್ದೆ. ಚೆನ್ನಾಗಿ ನಡೀತು. ಕರೆಂಟ್ ತೆಗೆದು ಹಾಗೇ ಬಿಟ್ಟು, ಗುಡ್ ನ್ಯೂಸ್ ಹೇಳೋಕೆ ಯಜಮಾನ್ರ ಹತ್ರ ಓಡ್ದೆ. ಅತ್ತಿಗೆ ಅಂಗಡಿ ಮುಚ್ಚಿದ್ರು. ಬೆಳಿಗ್ಗೆ ನೋಡಿದ್ರೆ ಬೋರ್ಡಿದೆ, ಚಿಪ್ ಇಲ್ಲ. ಬೀಗ ಸರಿಯಾಗೇ ಇದೆ. ಬೀಗದ ಕೈ ಇರೋದು ನಮ್ಮಿಬ್ಬರ ಹತ್ರ ಮಾತ್ರ."

"ಯಜಮಾನ್ರು ಏನಂತಾರೆ?"

"ಎದುರಿನ ರಿಪೇರಿ ಅಂಗಡಿಗೆ ಮಾರ್ಕೊಂಡಿದ್ದೀನಂತೆ. ಬೇರೆ ಊರಿನ ಸರ್ವಿಸ್ ಸೆಂಟರಲ್ಲಿ ನನಗೆ ಕೆಲಸ ಕೊಡಿಸಿದ್ದೇ ಅವ್ರು. ಈ ಬೋರ್ಡ್ ಮುಗಿಸಿ ಹೊರಡೋದು ಅಂತಿತ್ತು. ಸಂಜೆಯೊಳಗೆ ಚಿಪ್ ಸಿಗದಿದ್ರೆ ಫೋನ್ ಮಾಡಿ, ಇವನು ಕಳ್ಳ ಅಂತ ಹೇಳ್ತಾರಂತೆ. ಆಮೇಲೆ ನನ್ನನ್ನ ಯಾರು ಬೆಂಚಿಗೆ ಸೇರಿಸ್ತಾರೆ?"

ಸರ್ವೆಯರಮ್ಮ ಒಲೆ ಆರಿಸಿದರು. ಟೈಲರ್ ಒಮ್ಮೆ ಟೀ ಪಾತ್ರೆಯ ಕಡೆ ಆಸೆಯಿಂದ ನೋಡಿ ಎದ್ದ.

ಅಂಗಡಿಯಲ್ಲಿ ಅತ್ತಿಗೆ ಗಲ್ಲಾದ ಹಿಂದೆ ತಲೆತಗ್ಗಿಸಿ ಕೂತಿದ್ದಳು. ಗೋಡೆಯಲ್ಲಿ ಗಂಡನ ಸಾಮಾನುಗಳು ಸಾಲಾಗಿ ಮೊಳೆಗೆ ನೇತಾಡುತ್ತಿದ್ದವು. ಅವನ್ನು ಯಾರೂ ಮುಟ್ಟುತ್ತಿರಲಿಲ್ಲ. ಇಕ್ಕಳ, ಗರಗಸ, ಮೀಟರ್ ಎಲ್ಲವೂ ಧೂಳು ಹೊದ್ದಿದ್ದವು. ಕೊನೆಯ ಮೊಳೆಯಲ್ಲಿ ಎರಡು ವೈರು ಇಳಿಬಿಟ್ಟ ಹೋಲ್ಡರು, ಅದರಲ್ಲೊಂದು ಬಲ್ಬು ಫಳಫಳ ಹೊಳೆಯುತ್ತಿತ್ತು. ಟೈಲರ್ ಅದನ್ನು ನೋಡಿದ. ನೋಡಿ, ತನ್ನ ಅಂಗಡಿಯ ಬಲ್ಬನ್ನೂ ಒರೆಸಬೇಕು ಎಂದುಕೊಂಡ, ಅಷ್ಟೆ.

ಸರ್ವೆಯರಮ್ಮ ಭೂತಗನ್ನಡಿ ಹಿಡಿದು ಬೋರ್ಡಿನ ಮೇಲೆ ಬಗ್ಗಿದರು. ಚಿಪ್ಪಿನ ಜಾಗದಲ್ಲಿ ತೂತುಗಳು ಒಂದಿಷ್ಟೂ ಬೆಸುಗೆಯಿಲ್ಲದೆ ಚೊಕ್ಕಟವಾಗಿದ್ದವು.

"ಈ ದಪ್ಪ ಡಬ್ಬಿಯಂಥದ್ದು ಏನಪ್ಪಾ?"

"ಕೆಪಾಸಿಟರ್, ಅಮ್ಮಾ. ಕರೆಂಟ್ ತೆಗೆದ ಮೇಲೂ ಸ್ವಲ್ಪ ಹೊತ್ತು ಹೊಟ್ಟೇಲಿ ಇಟ್ಕೊಂಡಿರುತ್ತೆ. ಹಾಗೇ ಮುಟ್ಟಿದ್ರೆ ಒದೆಯುತ್ತೆ. ಮೊದಲು ಅದನ್ನ ಖಾಲಿ ಮಾಡ್ಬೇಕು."

"ನೀನು ಹೇಗೆ ಮಾಡ್ತೀಯ?"

ಮೈದುನ ತನ್ನ ಸ್ಕ್ರೂಡ್ರೈವರ್ ತೋರಿಸಿದ. ತುದಿ ಇಲಿ ಕಡಿದಂತೆ ಹಲ್ಲುಹಲ್ಲಾಗಿತ್ತು. "ಎರಡು ಕಾಲಿಗೂ ಸೇರಿಸಿ ಅಡ್ಡ ಇಡ್ತೀನಿ. ಟಪ್ ಅನ್ನುತ್ತೆ, ಕಿಡಿ ಹಾರುತ್ತೆ. ಅಣ್ಣ ಇದ್ದಾಗ ಇದಕ್ಕೇ ಬೈತಿದ್ದ." ಅವನು ರಿಪೇರಿ ಮಾಡಿಟ್ಟಿದ್ದ ಬೇರೆ ಬೋರ್ಡುಗಳಲ್ಲಿ ಕೆಪಾಸಿಟರಿನ ಕಾಲುಗಳ ಬಳಿ ಕಪ್ಪು ಚುಕ್ಕೆಗಳಿದ್ದವು. ಇದರಲ್ಲಿ ಇರಲಿಲ್ಲ.

ಅಲ್ಲಿಂದ ಎದುರಂಗಡಿಗೆ ಹೋದರು. ಅಲ್ಲಿಯ ಬೆಂಚಿನಲ್ಲೂ ಅದೇ ಮಾಡೆಲ್ಲಿನ ಬೋರ್ಡೊಂದು ಸುಟ್ಟ ಚಿಪ್ಪಿನ ಸಮೇತ ಬಾಯಿ ಬಿಟ್ಟುಕೊಂಡು ಬಿದ್ದಿತ್ತು.

"ಹೌದು, ನಿನ್ನೆ ಸಂಜೆ ಹೋಗಿ ಆ ಚಿಪ್ ಕೇಳ್ದೆ. ಕೈಕಾಲು ಹಿಡಿಯೋದೊಂದು ಬಾಕಿ. ಅವ್ನು ಕೊಡ್ಲಿಲ್ಲ," ಎಂದ ಎದುರಂಗಡಿಯವ. "ಆದ್ರೆ ನಾನು ಕದಿಯೋದಾದ್ರೆ ಅಲ್ಲೇ ಕೂತು ಚಿಪ್ ಬಿಡಿಸ್ತಾ ಇರ್ತೀನಾ? ಬೋರ್ಡನ್ನೇ ಕಂಕುಳಲ್ಲಿ ಇಟ್ಕೊಂಡು ಓಡ್ತೀನಿ!"

ಸರ್ವೆಯರಮ್ಮ ನಕ್ಕರು. "ಇವರು ಪುಕ್ಕಟೆಯಾಗಿ ಅರ್ಧ ಕೇಸು ಬಿಡಿಸಿಕೊಟ್ಟರು, ಟೈಲರ್ರೇ." ಟೈಲರನಿಗೆ ತಲೆಬುಡ ತಿಳಿಯಲಿಲ್ಲ. ತಲೆಯಾಡಿಸಿದ.

ಸಂಜೆ ಎಲ್ಲರೂ ಅತ್ತಿಗೆಯ ಅಂಗಡಿಯಲ್ಲಿ ಸೇರಿದರು. ಹೂವಿನ ಯಜಮಾನರು ಫೋನನ್ನು ಕೈಯಲ್ಲೇ ಹಿಡಿದುಕೊಂಡಿದ್ದರು.

"ನನ್ನ ಹೂವೆಲ್ಲ ಬಾಡ್ತಿದೆ. ಬೇಗ ಹೇಳಿ."

"ಕಳ್ಳನಾದವನು ಬೋರ್ಡನ್ನೇ ಒಯ್ಯುತ್ತಾನೆ," ಎಂದು ಸರ್ವೆಯರಮ್ಮ ಶುರುಮಾಡಿದರು. "ಇಲ್ಲಿ ಬೋರ್ಡ್ ಬಿಟ್ಟಿದ್ದಾರೆ, ಚಿಪ್ ತೆಗೆದಿದ್ದಾರೆ. ಅಂದ್ರೆ ಬೇಕಾಗಿದ್ದು ಚಿಪ್ ಅಲ್ಲ. ಕೆಲಸ ಮುಗಿಯಬಾರದಾಗಿತ್ತು. ತೂತುಗಳನ್ನ ಅಷ್ಟು ಚೊಕ್ಕ ಮಾಡಿರೋದು ಯಾಕೆ? ಚಿಪ್ ಮತ್ತೆ ಅಲ್ಲೇ ಕೂರಬೇಕು ಅಂತ. ಬೀಗ ಒಡೆದಿಲ್ಲ, ಹಾಗಾಗಿ ಒಳಗಿನವರೇ."

"ನಾನು ಹೇಳಿದ್ದೂ ಅದನ್ನೇ!" ಎಂದರು ಯಜಮಾನರು.

"ತಡೀರಿ. ಇವನು ತೆಗೆದಿದ್ರೆ ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸ್ತಿದ್ದ, ಕಪ್ಪು ಚುಕ್ಕೆ ಬೀಳ್ತಿತ್ತು. ಚುಕ್ಕೆ ಇಲ್ಲ. ಕೆಪಾಸಿಟರನ್ನ ಯಾರೋ ಮೆತ್ತಗೆ ಖಾಲಿ ಮಾಡಿದ್ದಾರೆ." ಅವರು ಕೊನೆಯ ಮೊಳೆಯ ಕಡೆ ಕೈ ತೋರಿಸಿದರು. "ಆ ಬಲ್ಬಿಂದ. ವೈರು ತಾಗಿಸಿದ್ರೆ ಅದು ಒಂದು ಕ್ಷಣ ಉರಿದು ಆರುತ್ತೆ, ಅಲ್ವೇನಪ್ಪಾ? ನಿಮ್ಮಣ್ಣ ಮಾಡ್ತಿದ್ದದ್ದು ಹಾಗೇ ತಾನೆ?"

ಮೈದುನ ಹೌದೆಂದ. ಅವನ ದನಿ ಉಡುಗಿತ್ತು.

"ಗೋಡೆ ಮೇಲಿನ ಸಾಮಾನಿಗೆಲ್ಲ ಧೂಳಿದೆ, ಬಲ್ಬಿಗೆ ಮಾತ್ರ ಇಲ್ಲ. ಅಣ್ಣನ ಪಕ್ಕ ನಿಂತು ಅವನು ಕೆಲಸ ಮಾಡೋದನ್ನ ದಿನಾ ನೋಡಿದವರು, ಅವನ ಸಾಮಾನನ್ನ ಒರೆಸದೆ ವಾಪಸ್ ಇಡೋಕೆ ಮನಸ್ಸು ಬಾರದವರು..." ಅವರು ದನಿ ತಗ್ಗಿಸಿದರು. "ನೀನೇ ಕೊಡ್ತೀಯೇನಮ್ಮಾ?"

ಅತ್ತಿಗೆ ಗಲ್ಲಾದ ಖಾನೆಯಿಂದ ಗಂಡನ ಕನ್ನಡಕದ ಡಬ್ಬಿ ತೆಗೆದಳು. ಒಳಗೆ ಸ್ಪಂಜಿನ ತುಂಡಿಗೆ ಚುಚ್ಚಿಟ್ಟ ಚಿಪ್ಪಿತ್ತು. ಒಂದು ಕಾಲೂ ಸೊಟ್ಟಗಾಗಿರಲಿಲ್ಲ.

"ಬೋರ್ಡ್ ಮುಗಿಸಿ ಹೊರಡ್ತೀನಿ ಅಂದಿದ್ದ," ಎಂದಳು. "ಮುಗಿದೇ ಹೋಯ್ತಲ್ಲ ಅನ್ನಿಸ್ತು. ಇನ್ನೆರಡು ದಿನ ಇರ್ಲಿ ಅಂತ ತೆಗೆದೆ. ಇವನು ಹೋದ್ರೆ ಈ ಅಂಗಡೀಲಿ ನನ್ನ ಜೊತೆ ಮಾತಾಡೋಕೆ ಒಂದು ನರಪಿಳ್ಳೆ ಇಲ್ಲ. ಬೆಳಿಗ್ಗೆ ಹೇಳೋಣ ಅಂತ ಬಾಯಿವರೆಗೂ ಬಂತು. ಅಷ್ಟರಲ್ಲಿ ಇವರು ಕಳ್ಳ ಅಂದ್ಬಿಟ್ರು. ಆಮೇಲೆ ನಾಚಿಕೆಗೆ ನಾಲಿಗೆ ಏಳಲಿಲ್ಲ." ಅವಳು ಮೈದುನನ ಮುಖ ನೋಡಲಾರದೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಯಜಮಾನರು ಫೋನನ್ನು ಮೆಲ್ಲಗೆ ಜೇಬಿಗಿಳಿಸಿದರು. "ದುಡುಕಿಬಿಟ್ಟೆ ಕಣಪ್ಪಾ," ಎಂದರು, ಯಾರಿಗೂ ಸರಿಯಾಗಿ ಕೇಳಿಸದ ಹಾಗೆ.

ಮೈದುನ ಬೆಂಚಿನ ಅಂಚು ಹಿಡಿದು ನಿಂತಿದ್ದ. ನೋವಾಗಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ತನ್ನ ಸ್ಟೂಲನ್ನು ಅವಳ ಕಡೆ ತಳ್ಳಿದ.

"ಇಷ್ಟು ನೀಟಾಗಿ ನನಗೂ ತೆಗೆಯೋಕೆ ಬರಲ್ಲ ಅತ್ತಿಗೆ. ನೀವೇ ಕೂರಿಸಿ. ನಾನು ದೀಪ ಹಿಡೀತೀನಿ."

ಅವಳು ಕೂರಿಸಿದಳು. ಮೊದಲ ಕಾಲಿನ ಬೆಸುಗೆಗೆ ಬಹಳ ಹೊತ್ತು ಹಿಡಿಯಿತು, ಕೊನೆಯದಕ್ಕೆ ಕ್ಷಣವೂ ಬೇಕಾಗಲಿಲ್ಲ. ಬೋರ್ಡು ನಡೆಯಿತು.

ಮೈದುನ ಹೇಳಿದ ದಿನವೇ ಹೊರಟ. ಆವತ್ತು ಮಧ್ಯಾಹ್ನ ಎದುರಂಗಡಿಯವ ತನ್ನ ಬೋರ್ಡನ್ನು ಕಂಕುಳಲ್ಲಿಟ್ಟುಕೊಂಡು ಅತ್ತಿಗೆಯ ಅಂಗಡಿ ಹೊಕ್ಕಿದ್ದನ್ನು ಟೈಲರ್ ತನ್ನ ಮಿಷನ್ನಿನ ಹಿಂದಿನಿಂದ ನೋಡಿದ. ಸ್ವಲ್ಪ ಹೊತ್ತಿಗೆ ಆ ಕಡೆಯ ಬಾಗಿಲಲ್ಲಿ ಒಂದು ಬೆಳಕು ಹತ್ತಿ ಆರಿತು.

ಅವನ ಮೇಜಿನ ಮೇಲೆ ಸರ್ವೆಯರಮ್ಮನ ದಿಂಬಿನ ಕವರಿತ್ತು, ಈ ವಾರದ್ದು. ಸೂಜಿಗೆ ದಾರ ಪೋಣಿಸುತ್ತಾ, ಎಂದೂ ಇಲ್ಲದೆ, ಬಿಟ್ಟ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದ. ಸವೆದು ಹರಿದ ದಾರದ ತುದಿ ಜೂಲುಜೂಲಾಗಿರುತ್ತದೆ. ಇವು ಹಾಗಿರಲಿಲ್ಲ. ಒಂದೊಂದು ತುದಿಯೂ ಕತ್ತರಿಯಲ್ಲಿ ಕತ್ತರಿಸಿದಂತೆ ನೇರವಾಗಿತ್ತು.

ಇದು ಅವನು ಸ್ವಂತವಾಗಿ ಪತ್ತೆ ಮಾಡಿದ ಮೊದಲ ಕೇಸು, ಯಾರಿಗೂ ಹೇಳುವ ಹಾಗಿರಲಿಲ್ಲ. ಆಮೇಲೆ ಕವರನ್ನು ತೊಡೆಯ ಮೇಲೆ ಹರಡಿಕೊಂಡು, ಜೀವಮಾನದಲ್ಲಿ ಮೊದಲ ಸಲ, ಬೇಕೆಂದೇ ಸಡಿಲವಾಗಿ ಹೊಲಿದ. ಇನ್ನು ಅವರಿಗೆ ಕತ್ತರಿ ಹುಡುಕುವ ಕಷ್ಟ ಬೇಡ ಎಂದುಕೊಂಡು ಮಹಡಿ ಹತ್ತಿದ.